ಹೊಳೆಯುವ ಮುಖ, ಕೇಳುವ ಕಿವಿ

ಹಳೆಯ ಅಮೆರಿಕನ್ ಗಾಯಕರ ಚಿತ್ರಗಳಲ್ಲಿ ಉದ್ದುದ್ದ ಪಟ್ಟಿಗಳುಳ್ಳ, ದುಂಡಗಿನ, ಬೆಳ್ಳಿಯಂತೆ ಹೊಳೆಯುವ ಮೈಕೊಂದನ್ನು ನೀವು ಕಂಡಿರಬಹುದು. ಅದು ಶಿಕಾಗೋ ನಗರದ ಶೂರ್ ಸಂಸ್ಥೆ 1939ರಲ್ಲಿ ಹೊರತಂದ ಯುನಿಡೈನ್ 55. ಇಂತಹ ಮೈಕುಗಳನ್ನು ಸಂಗ್ರಹಿಸಿ ದುರಸ್ತಿಗೊಳಿಸುವ ಹವ್ಯಾಸಿಗಳು ಇಂದು ಹಲವು ದೇಶಗಳಲ್ಲಿದ್ದಾರೆ. ಅವರ ಕೆಲಸದಲ್ಲಿ ಇತಿಹಾಸದ ವಿದ್ಯಾರ್ಥಿಗೂ ಮುಖ್ಯವಾದ ಪ್ರಶ್ನೆಯೊಂದು ಅಡಗಿದೆ. ಹಳೆಯ ವಸ್ತುವನ್ನು ಉಳಿಸುವುದೆಂದರೆ ಅದರಲ್ಲಿ ಏನನ್ನು ಉಳಿಸುವುದು?

ಮೊದಲು ಮುಖದ ಮಾತು. 1925ರಲ್ಲಿ ಪ್ಯಾರಿಸ್‌ನಲ್ಲಿ ಅಲಂಕಾರಿಕ ಕಲೆಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಸ್ಪಷ್ಟವಾದ ರೇಖೆ, ಹೊಳೆಯುವ ಲೋಹ, ವೇಗವನ್ನು ಸೂಚಿಸುವ ಆಕಾರ ಇವುಗಳನ್ನು ಮೆಚ್ಚಿದ ಆ ಶೈಲಿಗೆ 'ಆರ್ಟ್ ಡೆಕೊ' ಎಂಬ ಹೆಸರು ರೂಢಿಯಾದದ್ದು ಮಾತ್ರ 1960ರ ದಶಕದಲ್ಲಿ. ಮುಂಬಯಿಯ ಮರೀನ್ ಡ್ರೈವ್‌ನ ಕಟ್ಟಡಗಳಲ್ಲಿ ಇಂದಿಗೂ ಆ ಶೈಲಿಯನ್ನು ಕಾಣಬಹುದು. ಕಾರು, ರೇಡಿಯೊಗಳಂತೆ ಮೈಕೂ ಅದೇ ಉಡುಪು ತೊಟ್ಟಿತು.

ಆದರೆ ಯುನಿಡೈನಿನ ನಿಜವಾದ ಹಿರಿಮೆ ಅದರ ಒಡಲಿನಲ್ಲಿದೆ. ಅದಕ್ಕೆ ಮುಂಚಿನ ಸಾಮಾನ್ಯ ಮೈಕುಗಳು ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುತ್ತಿದ್ದವು. ಧ್ವನಿವರ್ಧಕದಿಂದ ಹೊರಟ ಸದ್ದು ಮರಳಿ ಮೈಕನ್ನು ಹೊಕ್ಕಾಗ 'ಕುಂಯ್' ಎಂಬ ಕರ್ಕಶ ನಾದ ಏಳುವುದನ್ನು ನಾಟಕ, ಸಭೆಗಳಲ್ಲಿ ನಾವೆಲ್ಲ ಕೇಳಿದ್ದೇವೆ. ಮುಂದಿನ ಸದ್ದನ್ನಷ್ಟೇ ಹಿಡಿಯಬೇಕಾದರೆ ಎರಡು ಬಗೆಯ ಮೈಕುಗಳನ್ನು ಒಂದೇ ಕವಚದಲ್ಲಿ ಕೂಡಿಸಬೇಕಾಗಿತ್ತು. ಒಡೆಸ್ಸಾದಲ್ಲಿ ಹುಟ್ಟಿ, ಕ್ಯೂಬಾ ಮಾರ್ಗವಾಗಿ ಅಮೆರಿಕ ಸೇರಿದ ತರುಣ ಎಂಜಿನಿಯರ್ ಬೆಂಜಮಿನ್ ಬಾವರ್ ಇದನ್ನು ಒಂದೇ ಘಟಕದಿಂದ ಸಾಧಿಸಿದನು. ಹಿಂದಿನಿಂದ ಬಂದ ಸದ್ದು ಒಳಪೊರೆಯ ಎರಡೂ ಬದಿಗಳನ್ನು ಒಟ್ಟಿಗೇ ತಲುಪುವಂತೆ ಗಾಳಿಯ ದಾರಿಗಳನ್ನು ರೂಪಿಸಿದನು. ಎರಡೂ ಕಡೆ ಸಮನಾದ ಒತ್ತಡವಿದ್ದಾಗ ಪೊರೆ ಅಲುಗದು. ಮುಂದಿನ ಸದ್ದಿಗೆ ಮಾತ್ರ ಕಂಪಿಸುವುದು. ಈ ಸಾಧನೆಯನ್ನು ಐಇಇಇ ಸಂಸ್ಥೆ 2014ರಲ್ಲಿ ತಂತ್ರಜ್ಞಾನದ ಮೈಲಿಗಲ್ಲೆಂದು ಗೌರವಿಸಿತು.

ಈಗ ದುರಸ್ತಿಯ ಮಾತು. ಲೋಹದ ಕವಚ ದಶಕಗಟ್ಟಲೆ ಬಾಳುತ್ತದೆ, ಒಡಲು ಹಾಗಲ್ಲ. ಒಳಗಿನ ಬಟ್ಟೆ ಜೀರ್ಣವಾಗುತ್ತದೆ, ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟುತ್ತದೆ. ಅದೇ ಕಾಲದ ಸ್ಫಟಿಕ ಮೈಕುಗಳಲ್ಲಿದ್ದ ರೋಶೆಲ್ ಲವಣವಂತೂ ಸೆಕೆಗೂ ತೇವಕ್ಕೂ ಕೆಟ್ಟುಹೋಗುತ್ತದೆ. ರಿಬ್ಬನ್ ಮೈಕಿನ ಅಲ್ಯೂಮಿನಿಯಂ ಪಟ್ಟಿ ಎಷ್ಟು ತೆಳುವೆಂದರೆ, ಧೂಳು ಹೋಗಲೆಂದು ಬಾಯಿಂದ ಊದಿದರೂ ಹಾಳಾದೀತು. ಹೀಗಾಗಿ ಹಲವರು ಹಳೆಯ ಒಡಲನ್ನು ಕಿತ್ತೆಸೆದು, ಹೊಸ ಘಟಕವನ್ನು ಕೂರಿಸಿ, ಕವಚಕ್ಕೆ ಕ್ರೋಮಿಯಂ ಮೆರುಗು ಕೊಡಿಸುತ್ತಾರೆ. ನೋಡಲು ಅಂದವೇ ಸರಿ. ಆದರೆ ಬಾವರನ ಬುದ್ಧಿ ಇದ್ದ ಭಾಗವೇ ಕಸದ ಬುಟ್ಟಿಗೆ ಸೇರಿತಲ್ಲ! ಬಲ್ಲವರು ಮೃದುವಾದ ಬಟ್ಟೆಯಿಂದ ಒರೆಸುವುದಕ್ಕಿಂತ ಹೆಚ್ಚು ಉಜ್ಜುವುದಿಲ್ಲ. ತೆಗೆದ ಭಾಗವನ್ನು ಚೀಟಿ ಅಂಟಿಸಿ ಜೋಪಾನವಾಗಿಡುತ್ತಾರೆ. ಏನನ್ನು, ಎಂದು ಬದಲಿಸಿದೆವೆಂದು ಬರೆದಿಡುತ್ತಾರೆ.

ನಮ್ಮ ದೇಶದ ಇತಿಹಾಸದಲ್ಲಿಯೂ ಮೈಕಿಗೆ ಸ್ಥಾನವಿದೆ. ಗಾಂಧೀಜಿಯವರ ದನಿ ಮೆಲುವಾದುದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದಲ್ಲಿ ಧ್ವನಿವರ್ಧಕಗಳನ್ನು ಒದಗಿಸಿದ್ದು ಮೋಟ್ವಾನೆ ಕುಟುಂಬದ 'ಶಿಕಾಗೋ ರೇಡಿಯೊ'. ಹೆಸರು ಶಿಕಾಗೋ ಆದರೂ ಸಂಸ್ಥೆ ಭಾರತೀಯವೇ. ಆ ಹೆಸರು ಹೊತ್ತ ಮೈಕುಗಳು ಗಾಂಧಿ, ನೆಹರೂ ಅವರ ಎಷ್ಟೋ ಚಿತ್ರಗಳಲ್ಲಿವೆ. ಲಕ್ಷಾಂತರ ಜನರಿಗೆ ನಾಯಕರ ಮಾತು ಮುಟ್ಟಿದ್ದು ಇಂಥ ಸಾಧನಗಳಿಂದ.

ನಿಮ್ಮ ಮನೆಯ ಅಟ್ಟದಲ್ಲೋ, ಊರಿನ ಶಾಲೆ ಅಥವಾ ನಾಟಕ ಸಂಘದ ಉಗ್ರಾಣದಲ್ಲೋ ಹಳೆಯ ಮೈಕೊಂದು ಸಿಕ್ಕರೆ, ದಯವಿಟ್ಟು ಮೊದಲೇ ತಿಕ್ಕಿ ಬೆಳಗಲು ಹೋಗಬೇಡಿ. ಅದು ಯಾರದು, ಯಾವ ಸಭೆಯಲ್ಲಿತ್ತು ಎಂದು ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಅದರೊಡನೆ ಇಡಿ. ಮೆರುಗನ್ನು ಮುಂದೆ ಎಂದಾದರೂ ಕೊಡಿಸಬಹುದು. ಹೇಳಬಲ್ಲ ಹಿರಿಯರು ಆಗ ಇರಲಾರರು.