ಮಾರ್ಗರಿಟಾ ಮಾಮುನ್

ಮಾರ್ಗರಿಟಾ ಅಬ್ದುಲ್ಲಾಯೆವ್ನಾ ಮಾಮುನ್ (ಜನನ: ನವೆಂಬರ್ 1, 1995, ಮಾಸ್ಕೋ) ರಷ್ಯಾದ ನಿವೃತ್ತ ರಿದಮಿಕ್ ಜಿಮ್ನಾಸ್ಟ್. 2016ರ ರಿಯೊ ಡಿ ಜನೈರೊ ಒಲಿಂಪಿಕ್ಸ್‌ನ ವೈಯಕ್ತಿಕ ಸಮಗ್ರ ವಿಭಾಗದಲ್ಲಿ ಇವರು ಚಿನ್ನದ ಪದಕ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ, ತಂಡ ವಿಭಾಗದ ಪದಕಗಳೂ ಸೇರಿ, ಏಳು ಚಿನ್ನಗಳನ್ನು ಗಳಿಸಿದ್ದಾರೆ. ಆದರೆ ಆ ಕೂಟದ ಅತಿ ಮುಖ್ಯ ಪ್ರಶಸ್ತಿಯಾದ ವೈಯಕ್ತಿಕ ಸಮಗ್ರ ಪ್ರಶಸ್ತಿ ಮಾತ್ರ ಇವರಿಗೆ ಒಮ್ಮೆಯೂ ಒಲಿಯಲಿಲ್ಲ.

ಕ್ರೀಡೆಯ ಸ್ವರೂಪ

ರಿದಮಿಕ್ ಜಿಮ್ನಾಸ್ಟಿಕ್ಸ್ ಅನ್ನು ಆರ್ಟಿಸ್ಟಿಕ್ ಜಿಮ್ನಾಸ್ಟಿಕ್ಸ್ ಜೊತೆ ಬೆರೆಸಿ ನೋಡುವುದು ಭಾರತದಲ್ಲಿ ಸಾಮಾನ್ಯ. ರಿಯೊ ಕೂಟದಲ್ಲಿಯೇ ತ್ರಿಪುರಾದ ದೀಪಾ ಕರ್ಮಾಕರ್ ನಾಲ್ಕನೆಯ ಸ್ಥಾನ ಪಡೆದು ಮನೆಮಾತಾದ ವಾಲ್ಟ್ ಸ್ಪರ್ಧೆಯು ಆರ್ಟಿಸ್ಟಿಕ್ ವಿಭಾಗಕ್ಕೆ ಸೇರಿದ್ದು. ರಿದಮಿಕ್ ವಿಭಾಗದಲ್ಲಿ ನೆಗೆಯುವ ಮೇಜಾಗಲಿ, ಅಡ್ಡಕಂಬಿಯಾಗಲಿ ಇರುವುದಿಲ್ಲ. 13 ಮೀಟರ್ ಚೌಕದ ನೆಲಹಾಸಿನ ಮೇಲೆ ಸಂಗೀತಕ್ಕೆ ತಕ್ಕಂತೆ, ಸುಮಾರು ಒಂದೂವರೆ ನಿಮಿಷದೊಳಗೆ, ಕೈಯಲ್ಲಿನ ಸಾಧನವನ್ನು ಎಸೆದು, ಉರುಳಿಸಿ, ಹಿಡಿದು ಪ್ರದರ್ಶನ ನೀಡಬೇಕು. ಮಾಮುನ್ ಸ್ಪರ್ಧಿಸುತ್ತಿದ್ದ ಕಾಲದಲ್ಲಿ ಹೂಪ್ (ದೊಡ್ಡ ಬಳೆ), ಚೆಂಡು, ಜೋಡಿ ಕ್ಲಬ್ ಮತ್ತು ಆರು ಮೀಟರ್ ಉದ್ದದ ರಿಬ್ಬನ್ ಎಂಬ ನಾಲ್ಕು ಸಾಧನಗಳಿದ್ದವು. ಒಂದೊಂದಕ್ಕೂ ಗರಿಷ್ಠ 20 ಅಂಕ. ನಾಲ್ಕರ ಮೊತ್ತವೇ ಸಮಗ್ರ ಅಂಕ. ಸಾಧನವೊಂದು ಕೈಜಾರಿ ಬಿದ್ದರೆ ಉಳಿದ ಮೂರರಲ್ಲಿ ಗಳಿಸಿದ ಮುನ್ನಡೆ ಕರಗಿಹೋಗಬಹುದು.

ಆರಂಭಿಕ ಜೀವನ

ಮಾಮುನ್ ಅವರ ತಂದೆ ಅಬ್ದುಲ್ಲಾ ಅಲ್ ಮಾಮುನ್ ಬಾಂಗ್ಲಾದೇಶದ ರಾಜಶಾಹಿಯವರು, ವೃತ್ತಿಯಿಂದ ಸಾಗರ ಎಂಜಿನಿಯರ್. ತಾಯಿ ಅನ್ನಾ ರಷ್ಯಾದವರು ಮತ್ತು ಸ್ವತಃ ಮಾಜಿ ರಿದಮಿಕ್ ಜಿಮ್ನಾಸ್ಟ್. ಮಾರ್ಗರಿಟಾ ಏಳನೆಯ ವಯಸ್ಸಿನಲ್ಲಿ ಅಭ್ಯಾಸ ಆರಂಭಿಸಿದರು. ಕಿರಿಯರ ವಿಭಾಗದಲ್ಲಿದ್ದಾಗ ಅಲ್ಪಕಾಲ ಬಾಂಗ್ಲಾದೇಶದ ಪರವಾಗಿಯೂ ಸ್ಪರ್ಧಿಸಿದ್ದರು, ಬಳಿಕ ರಷ್ಯಾವನ್ನೇ ಆರಿಸಿಕೊಂಡರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದಿದ್ದ ಅಮೀನಾ ಝರಿಪೋವಾ ಇವರ ತರಬೇತುದಾರರು. ರಷ್ಯಾ ತಂಡದ ಮುಖ್ಯ ತರಬೇತುದಾರರಾಗಿದ್ದ ಇರೀನಾ ವೀನರ್, ತಂದೆಯ ಮೂಲವನ್ನು ನೆನೆದು, ಇವರನ್ನು 'ಬಂಗಾಳದ ಹುಲಿ' ಎಂದು ಕರೆದರು. ಪತ್ರಿಕೆಗಳು ಆ ಹೆಸರನ್ನು ಕೊನೆಯವರೆಗೂ ಬಿಡಲಿಲ್ಲ.

ಸ್ಪರ್ಧಾ ಜೀವನ

2011ರಲ್ಲಿ ಮಾಮುನ್ ರಷ್ಯಾದ ರಾಷ್ಟ್ರೀಯ ಸಮಗ್ರ ಚಾಂಪಿಯನ್ ಆದರು. ಅದೇ ವರ್ಷ ಮಾಂಟ್ರಿಯಲ್‌ನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಸಮಗ್ರ ಕಂಚು ಪಡೆದರು. ಆದರೆ ರಷ್ಯಾದ ತಂಡದಲ್ಲಿ ಸ್ಥಾನ ಗಿಟ್ಟಿಸುವುದು ಅಂತರರಾಷ್ಟ್ರೀಯ ಪದಕ ಗೆಲ್ಲುವುದಕ್ಕಿಂತ ಸುಲಭವೇನಲ್ಲ. 2012ರ ಲಂಡನ್ ಒಲಿಂಪಿಕ್ಸ್‌ಗೆ ಯೆವ್ಗೇನಿಯಾ ಕನಾಯೆವಾ ಮತ್ತು ದಾರಿಯಾ ಡ್ಮಿಟ್ರಿಯೆವಾ ಆಯ್ಕೆಯಾದರು. ಎರಡು ಬಾರಿ ಒಲಿಂಪಿಕ್ ಚಿನ್ನ ಗೆದ್ದ ಕನಾಯೆವಾ ನಿವೃತ್ತರಾದ ಮೇಲೆ ಆ ಸ್ಥಾನಕ್ಕೆ ಮಾಮುನ್ ಬರುವರೆಂಬ ನಿರೀಕ್ಷೆಯಿತ್ತು.

2013ರಲ್ಲಿ ಕಜಾನ್ ವಿಶ್ವವಿದ್ಯಾಲಯ ಕ್ರೀಡಾಕೂಟದ ಸಮಗ್ರ ಚಿನ್ನ ಇವರ ಪಾಲಾಯಿತು. ಆದರೆ ಅದೇ ವರ್ಷದ ಕೀವ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚೆಂಡು ಮತ್ತು ಕ್ಲಬ್ ವಿಭಾಗಗಳಲ್ಲಿ ಚಿನ್ನ ಗೆದ್ದರೂ ಸಮಗ್ರ ಸ್ಪರ್ಧೆಯಲ್ಲಿ ಆರನೆಯ ಸ್ಥಾನಕ್ಕೆ ಇಳಿದರು. ಅಲ್ಲಿ ಗೆದ್ದವರು ಹದಿನೈದು ವರ್ಷದ ಸಹಸ್ಪರ್ಧಿ ಯಾನಾ ಕುದ್ರಿಯಾವ್ತ್ಸೆವಾ. ಮುಂದಿನ ಮೂರು ವರ್ಷಗಳ ಕಥೆ ಬಹುಪಾಲು ಇವರಿಬ್ಬರದೇ. 2014ರಲ್ಲಿ ಇಜ್ಮೀರ್‌ನಲ್ಲೂ 2015ರಲ್ಲಿ ಸ್ಟುಟ್‌ಗಾರ್ಟ್‌ನಲ್ಲೂ ಸಮಗ್ರ ಚಿನ್ನ ಕುದ್ರಿಯಾವ್ತ್ಸೆವಾ ಅವರಿಗೆ, ಬೆಳ್ಳಿ ಮಾಮುನ್ ಅವರಿಗೆ. 2016ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲೂ ಇದೇ ಕ್ರಮ ಮುಂದುವರಿಯಿತು. ಮಾಮುನ್ 2014ರಲ್ಲಿ ರಿಬ್ಬನ್, 2015ರಲ್ಲಿ ಹೂಪ್ ವಿಭಾಗದ ವಿಶ್ವ ಚಿನ್ನ ಗೆದ್ದದ್ದು ಈ ಅವಧಿಯಲ್ಲಿಯೇ. ಕಣದಲ್ಲಿ ಎದುರಾಳಿಗಳಾದ ಇವರು ಹೊರಗೆ ಸ್ನೇಹಿತೆಯರಾಗಿದ್ದರು.

ರಿಯೊ ಒಲಿಂಪಿಕ್ಸ್

ಅರ್ಹತಾ ಸುತ್ತಿನಲ್ಲಿ ಮಾಮುನ್ 74.383 ಅಂಕಗಳೊಂದಿಗೆ ಮೊದಲಿಗರಾದರು. ಆದರೆ ಅಂತಿಮ ಸುತ್ತಿಗೆ ಆ ಅಂಕಗಳು ಸೇರುವುದಿಲ್ಲ, ಹತ್ತು ಮಂದಿಯೂ ಸೊನ್ನೆಯಿಂದ ಆರಂಭಿಸಬೇಕು. ಆಗಸ್ಟ್ 20ರಂದು ನಡೆದ ಅಂತಿಮ ಸ್ಪರ್ಧೆಯಲ್ಲಿ ಮಾಮುನ್ ಹೂಪ್‌ನಲ್ಲಿ 19.050, ಚೆಂಡಿನಲ್ಲಿ 19.150 ಅಂಕ ಪಡೆದರು. ಕುದ್ರಿಯಾವ್ತ್ಸೆವಾ ಅವರ ಅಂಕಗಳು 19.225 ಮತ್ತು 19.250. ಅರ್ಧ ಸ್ಪರ್ಧೆ ಮುಗಿದಾಗ ಅಂತರ 0.275. ಇಬ್ಬರೂ ತಪ್ಪು ಮಾಡದಿದ್ದರೆ ಹಳೆಯ ಕ್ರಮವೇ ಉಳಿಯುವಂತಿತ್ತು.

ಮೂರನೆಯದಾದ ಕ್ಲಬ್ ಪ್ರದರ್ಶನದ ಕೊನೆಯ ಗಳಿಗೆಯಲ್ಲಿ ಮೇಲೆ ಎಸೆದ ಕ್ಲಬ್ ಕುದ್ರಿಯಾವ್ತ್ಸೆವಾ ಅವರ ಕೈಗೆ ಸಿಗದೆ ನೆಲಕ್ಕೆ ಬಿತ್ತು. ಅವರಿಗೆ 17.883 ಅಂಕ ಮಾತ್ರ ದೊರೆಯಿತು. ಮಾಮುನ್ ಅದೇ ಸಾಧನದಲ್ಲಿ 19.050, ಕೊನೆಯ ರಿಬ್ಬನ್‌ನಲ್ಲಿ 19.233 ಗಳಿಸಿ ಒಟ್ಟು 76.483 ಅಂಕಗಳೊಂದಿಗೆ ಚಿನ್ನ ಪಡೆದರು. ಕುದ್ರಿಯಾವ್ತ್ಸೆವಾ 75.608 ಅಂಕಗಳೊಂದಿಗೆ ಬೆಳ್ಳಿಯನ್ನೂ, ಉಕ್ರೇನಿನ ಗನ್ನಾ ರಿಜಾತ್ದಿನೋವಾ 73.583 ಅಂಕಗಳೊಂದಿಗೆ ಕಂಚನ್ನೂ ಪಡೆದರು. ಈ ಗೆಲುವನ್ನು ಎದುರಾಳಿಯ ಒಂದು ತಪ್ಪಿನ ಫಲವೆಂದು ಬಗೆಯುವವರಿದ್ದಾರೆ. ಆದರೆ ನಾಲ್ಕು ಸಾಧನಗಳಲ್ಲೂ 19ಕ್ಕಿಂತ ಕೆಳಗಿಳಿಯದೆ ಉಳಿದವರು ಆ ದಿನ ಮಾಮುನ್ ಒಬ್ಬರೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2000ದ ಸಿಡ್ನಿ ಕೂಟದಿಂದ ಆರಂಭಿಸಿ ಈ ವಿಭಾಗದಲ್ಲಿ ರಷ್ಯಾಕ್ಕೆ ದೊರೆತ ಸತತ ಐದನೆಯ ಚಿನ್ನವಿದು. ಟೋಕಿಯೊದಲ್ಲಿ ಇಸ್ರೇಲಿನ ಲಿನೋಯ್ ಅಶ್ರಾಮ್ ಗೆದ್ದಾಗ ಆ ಸರಣಿ ಮುರಿಯಿತು. ಒಲಿಂಪಿಕ್ಸ್‌ನಲ್ಲಿ ಇದುವರೆಗೆ ಒಂದು ಪದಕವನ್ನೂ ಕಾಣದ ಬಾಂಗ್ಲಾದೇಶದಲ್ಲಿ ಮಾಮುನ್ ಅವರ ಗೆಲುವು ಸ್ವಂತ ಗೆಲುವಿನಂತೆಯೇ ಸುದ್ದಿಯಾಯಿತು.

ತಂದೆಯ ನಿಧನ ಮತ್ತು ನಿವೃತ್ತಿ

ಒಲಿಂಪಿಕ್ಸ್ ಸಿದ್ಧತೆಯ ಕಾಲದಲ್ಲಿ ಅಬ್ದುಲ್ಲಾ ಅಲ್ ಮಾಮುನ್ ಕ್ಯಾನ್ಸರ್‌ನಿಂದ ಬಳಲುತ್ತಿದ್ದರು. ಮಗಳು ಚಿನ್ನ ಗೆದ್ದ ಆರು ದಿನಗಳ ನಂತರ, ಆಗಸ್ಟ್ 26ರಂದು, ಅವರು ತೀರಿಕೊಂಡರು. ಪೋಲೆಂಡಿನ ನಿರ್ದೇಶಕಿ ಮಾರ್ತಾ ಪ್ರುಸ್ 2017ರಲ್ಲಿ ತೆರೆಗೆ ತಂದ 'ಓವರ್ ದ ಲಿಮಿಟ್' ಎಂಬ ಸಾಕ್ಷ್ಯಚಿತ್ರವು ರಿಯೊಗೆ ಮುಂಚಿನ ಈ ತಿಂಗಳುಗಳನ್ನು ದಾಖಲಿಸಿದೆ. ತರಬೇತಿಯ ವೇಳೆ ವೀನರ್ ಆಡುವ ಕಟುಮಾತುಗಳು, ತಂದೆಯ ಕಾಯಿಲೆಯ ಕುರಿತ ಚಿಂತೆ, ಮಾಮುನ್ ಅವರ ಮೌನ ಇವೆಲ್ಲ ಅದರಲ್ಲಿ ಯಾವುದೇ ವಿವರಣೆಯಿಲ್ಲದೆ ಕಾಣಿಸಿಕೊಳ್ಳುತ್ತವೆ. ರಷ್ಯಾದ ಈ ತರಬೇತಿ ಪದ್ಧತಿಯ ಫಲವನ್ನು ಪದಕಪಟ್ಟಿಯಲ್ಲಿ ಮಾತ್ರ ಕಂಡವರಿಗೆ ಅದರ ಬೆಲೆಯನ್ನು ಈ ಚಿತ್ರ ತೋರಿಸಿತು.

ರಿಯೊ ನಂತರ ಮಾಮುನ್ ಮತ್ತೆ ಸ್ಪರ್ಧೆಗೆ ಇಳಿಯಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ, ಬೀಜಿಂಗ್ ಒಲಿಂಪಿಕ್ಸ್‌ನ 4×200 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ ಬೆಳ್ಳಿ ಗೆದ್ದ ರಷ್ಯಾ ತಂಡದ ಈಜುಗಾರ ಅಲೆಕ್ಸಾಂಡರ್ ಸುಖೊರುಕೊವ್ ಅವರನ್ನು ವಿವಾಹವಾದರು. ಅದೇ ವರ್ಷದ ನವೆಂಬರ್‌ನಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ನಿವೃತ್ತಿ ಘೋಷಿಸಿದರು.