ಗರ್ಭಪಾತ ಕಾನೂನು: ಅನುಮತಿ ಯಾರಿಗೆ?

ಭಾರತದ ಗರ್ಭಪಾತ ಕಾನೂನಿನ ಇತಿಹಾಸವನ್ನು ನಿಷೇಧದಿಂದ ಅನುಮತಿಯೆಡೆಗಿನ ನಡೆಯೆಂದು ವಿವರಿಸುವುದು ವಾಡಿಕೆ. ಆದರೆ ಶಾಸನಗಳ ಪಠ್ಯವನ್ನು ಎದುರಿಗಿಟ್ಟುಕೊಂಡು ಓದಿದಾಗ ಬೇರೊಂದು ಪ್ರಶ್ನೆ ಏಳುತ್ತದೆ: ಈ ಅನುಮತಿ ದೊರೆತದ್ದು ಯಾರಿಗೆ?

1860ರ ಭಾರತ ದಂಡ ಸಂಹಿತೆಯ 312ನೆಯ ಕಲಮು ಗರ್ಭಪಾತ ಮಾಡಿಸಿದವರಿಗೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು. ಗರ್ಭದಲ್ಲಿ ಶಿಶುವಿನ ಚಲನೆ ತೋರಿದ ಮೇಲಾದರೆ ಅದು ಏಳು ವರ್ಷಗಳವರೆಗೆ. ಸ್ತ್ರೀಯ ಪ್ರಾಣವನ್ನು ಉಳಿಸಲು ಸದ್ಭಾವನೆಯಿಂದ ಮಾಡಿದ ಕ್ರಿಯೆಯೊಂದೇ ಅಪವಾದ. ತನ್ನ ಗರ್ಭವನ್ನು ತಾನೇ ತೆಗೆಸಿಕೊಂಡ ಸ್ತ್ರೀಯೂ ಅಪರಾಧಿಯೆಂಬುದನ್ನು ಕಲಮಿನ ವಿವರಣೆ ಸ್ಪಷ್ಟಪಡಿಸಿತ್ತು.

ಕದ್ದುಮುಚ್ಚಿ ನಡೆಯುವ ಗರ್ಭಪಾತಗಳಿಂದಾಗುವ ಸಾವುನೋವುಗಳ ಹಿನ್ನೆಲೆಯಲ್ಲಿ ಕೇಂದ್ರ ಸರಕಾರವು 1964ರಲ್ಲಿ ಮಹಾರಾಷ್ಟ್ರದ ಶಾಂತಿಲಾಲ್ ಶಹಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. 1966ರಲ್ಲಿ ವರದಿ ಒಪ್ಪಿಸಿದ ಸಮಿತಿಯು ಕಾನೂನನ್ನು ಸಡಿಲಿಸಬೇಕೆಂದಿತು. ಆದರೆ ಕೇವಲ ಜನಸಂಖ್ಯಾ ನಿಯಂತ್ರಣಕ್ಕಾಗಿ ಹಾಗೆ ಮಾಡುವುದು ಸಲ್ಲದೆಂದೂ ಎಚ್ಚರಿಸಿತು.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಈ ಎಚ್ಚರಿಕೆಯನ್ನು ಪೂರ್ಣವಾಗಿ ಪಾಲಿಸಲಿಲ್ಲ. ಮಕ್ಕಳ ಸಂಖ್ಯೆಯನ್ನು ಮಿತಗೊಳಿಸಲು ವಿವಾಹಿತೆಯಾಗಲಿ ಆಕೆಯ ಪತಿಯಾಗಲಿ ಬಳಸಿದ ಸಾಧನ ವಿಫಲಗೊಂಡರೆ, ಅದರಿಂದಾದ ಗರ್ಭವು ಆಕೆಯ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿಕರವೆಂದು ಭಾವಿಸಬಹುದೆಂದಿತು. ಕುಟುಂಬ ಯೋಜನೆಯ ಭಾಷೆ ಹೀಗೆ ಕಾಯ್ದೆಯೊಳಗೆ ಪ್ರವೇಶಿಸಿತು. ಅವಿವಾಹಿತೆ ಅದರ ಹೊರಗುಳಿದಳು. ಇನ್ನೂ ಗಮನಾರ್ಹವಾದದ್ದು ಕಾಯ್ದೆಯ ರಚನೆ. ಷರತ್ತುಗಳಿಗೊಳಪಟ್ಟು ಗರ್ಭಪಾತ ಮಾಡಿದ ನೋಂದಾಯಿತ ವೈದ್ಯನು ಅಪರಾಧಿಯಲ್ಲ ಎಂಬುದೇ ಅದರ ಮೂಲ ವಾಕ್ಯ. 12 ವಾರಗಳವರೆಗೆ ಒಬ್ಬ ವೈದ್ಯನ, ಅಲ್ಲಿಂದ 20 ವಾರಗಳವರೆಗೆ ಇಬ್ಬರ ಅಭಿಪ್ರಾಯ ಅಗತ್ಯವಾಗಿತ್ತು. ವಯಸ್ಕ ಸ್ತ್ರೀಯ ವಿಷಯದಲ್ಲಿ ಪತಿಯ ಒಪ್ಪಿಗೆಯನ್ನು ಬೇಡದಿದ್ದುದು ಕಾಯ್ದೆಯ ಹಿರಿಮೆ. ಆದರೂ ಆಕೆ ಅಲ್ಲಿ ಸಮ್ಮತಿ ನೀಡುವವಳೇ ಹೊರತು ನಿರ್ಧರಿಸುವವಳಲ್ಲ.

ಹಕ್ಕಿನ ಪರಿಭಾಷೆ ಬಂದದ್ದು ನ್ಯಾಯಾಲಯಗಳಿಂದ. ಸಂತಾನದ ಆಯ್ಕೆಯು ಸಂವಿಧಾನದ 21ನೆಯ ಅನುಚ್ಛೇದದ ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, 2017ರಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂಬ ತೀರ್ಪು ಈ ನೆಲೆಯನ್ನು ದೃಢಪಡಿಸಿತು. 2021ರ ತಿದ್ದುಪಡಿಯು 'ಪತಿ'ಯ ಸ್ಥಾನದಲ್ಲಿ 'ಸಂಗಾತಿ' ಎಂಬ ಪದವನ್ನು ತಂದು, ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು 24 ವಾರಗಳಿಗೆ ವಿಸ್ತರಿಸಿತು. ಈ ಸೌಲಭ್ಯ ಅವಿವಾಹಿತೆಗೂ ಸಲ್ಲುತ್ತದೆಂದು ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತು.

ಆದರೂ ಹಳೆಯ ಚೌಕಟ್ಟು ಕಳಚಿಲ್ಲ. 2023ರ ಅಕ್ಟೋಬರಿನಲ್ಲಿ, ಇಬ್ಬರು ಮಕ್ಕಳ ತಾಯಿಯೊಬ್ಬಳು 26 ವಾರ ಮೀರಿದ ಗರ್ಭವನ್ನು ತೆಗೆಸಲು ಕೋರಿದಾಗ, ತಾಯಿಗೆ ತತ್ಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ವೈಕಲ್ಯವಿಲ್ಲ ಎಂಬ ಆಧಾರದ ಮೇಲೆ ಅದೇ ನ್ಯಾಯಾಲಯ ನಿರಾಕರಿಸಿತು. 2024ರ ಜುಲೈ 1ರಂದು ದಂಡ ಸಂಹಿತೆಯ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 312ನೆಯ ಕಲಮು 88ನೆಯದಾಗಿ ಉಳಿಯಿತು.

ಹೀಗೆ ಒಂದೇ ಕ್ರಿಯೆ ದಂಡಶಾಸನದಲ್ಲಿ ಅಪರಾಧ, 1971ರ ಕಾಯ್ದೆಯಲ್ಲಿ ವೈದ್ಯನಿಗಿತ್ತ ವಿನಾಯಿತಿ, ಸಂವಿಧಾನದ ವ್ಯಾಖ್ಯಾನದಲ್ಲಿ ಸ್ತ್ರೀಯ ಸ್ವಾತಂತ್ರ್ಯ. ಈ ಮೂರು ನೆಲೆಗಳು ಒಂದನ್ನೊಂದು ತೊಡೆದುಹಾಕದೆ ಏಕಕಾಲದಲ್ಲಿ ಊರ್ಜಿತವಾಗಿವೆ. ವಾರಗಳ ಗಡಿ ಹಿಗ್ಗಿದೆ, ನಿರ್ಧಾರದ ಅಧಿಕಾರ ಮಾತ್ರ ಕೈ ಬದಲಿಸಿಲ್ಲ. ಪ್ರಗತಿಯ ಕಥನವನ್ನು ಒಪ್ಪುವ ಮುನ್ನ ಸಂಶೋಧಕರು ಈ ವ್ಯತ್ಯಾಸವನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.