ಎಲ್.ಸಿ.ಇ. ಪರವಾನಗಿಯಾಗಿತ್ತೇ? ಮುಂಬಯಿ ಕರ್ನಾಟಕದ ಇಂಜಿನಿಯರರ ಚರಿತ್ರೆಯ ಒಂದು ತಪ್ಪು ಓದು

ಮುಂಬಯಿ ವಿಶ್ವವಿದ್ಯಾಲಯದ ಎಲ್.ಸಿ.ಇ. (ಲೈಸೆನ್ಶಿಯೇಟ್ ಇನ್ ಸಿವಿಲ್ ಇಂಜಿನಿಯರಿಂಗ್) ಪದವಿ ಎಂದರೆ ಸ್ವಂತವಾಗಿ ಇಂಜಿನಿಯರಿಕೆ ನಡೆಸಲು ಸರಕಾರ ಕೊಡುತ್ತಿದ್ದ ಲೈಸೆನ್ಸು ಎಂಬ ಮಾತು ನಮ್ಮ ಭಾಗದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದಕ್ಕೆ ಆಧಾರವಾಗಿ ಮುಂದಿಡುವುದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. 1883ರಲ್ಲಿ ಪುಣೆಯಲ್ಲಿ ಎಲ್.ಸಿ.ಇ. ಆಯಿತು, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾದರು. ಲೈಸೆನ್ಸು ಸಿಕ್ಕಿತು, ವೃತ್ತಿ ಶುರುವಾಯಿತು ಎಂಬುದು ವಾದ. ಮಹನೀಯರ ಹೆಸರು ಬಂದೊಡನೆ ಪರಿಶೀಲನೆ ನಿಂತುಬಿಡುತ್ತದೆ. ಅವರ ಬಗ್ಗೆ ನನಗಿರುವ ಗೌರವ ಯಾರಿಗಿಂತಲೂ ಕಡಿಮೆಯದಲ್ಲ. ಆ ಗೌರವಕ್ಕಾಗಿಯೇ ಈ ಸಾಕ್ಷ್ಯವನ್ನು ಮತ್ತೆ ಓದಬೇಕಾಗಿದೆ.

ಈ ಎರಡು ವರ್ಷಗಳು ಹೇಳುವುದಾದರೂ ಏನು? ವಿಶ್ವೇಶ್ವರಯ್ಯನವರು ಮೊದಲ ಸ್ಥಾನದಲ್ಲಿ ತೇರ್ಗಡೆಯಾದರು, ಸರಕಾರ ನೌಕರಿ ಕೊಟ್ಟಿತು. ಅವರು ಓದಿದ ಪುಣೆಯ ಸಂಸ್ಥೆ 1854ರಲ್ಲಿ ಹುಟ್ಟಿದ್ದೇ ಲೋಕೋಪಯೋಗಿ ಇಲಾಖೆಗೆ ಕೆಳಹಂತದ ಸಿಬ್ಬಂದಿಯನ್ನು ತಯಾರಿಸಲು. ಹಾಗಾಗಿ ಎಲ್.ಸಿ.ಇ. ಇಲಾಖೆಯ ಬಾಗಿಲಿಗೆ ಒಯ್ಯುವ ಅರ್ಹತೆಯಾಗಿತ್ತು. ಇಲಾಖೆಯ ಹೊರಗೆ ಯಾರು ಕಟ್ಟಬಹುದು, ಯಾರು ಕಟ್ಟಬಾರದು ಎಂಬ ಬಗ್ಗೆ ಅದು ಏನನ್ನೂ ಹೇಳುತ್ತಿರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಧಾರವಾಡ ಜಿಲ್ಲೆಯ ಗುಡಗೇರಿ ಗ್ರಾಮದ ಮೇಲೆ ಹಾಯ್ದು ಹುಬ್ಬಳ್ಳಿಯಿಂದ ಹರಿಹರದತ್ತ ಹಳಿ ಹಾಕಿತಲ್ಲ, ಆ ಕೆಲಸ ನಡೆಸಿದವರ ಅಧಿಕಾರವೂ ಕಂಪನಿಯ ನೇಮಕಾತಿಯಿಂದಲೇ ಬಂದದ್ದು. ಹೊರಜಗತ್ತಿನಲ್ಲೂ ಸ್ಥಿತಿ ಬೇರೆಯಿರಲಿಲ್ಲ: ಅಮೆರಿಕದಲ್ಲಿ ಇಂಜಿನಿಯರರಿಗೆ ಲೈಸೆನ್ಸು ಬೇಕೆಂಬ ಕಾನೂನನ್ನು ಮೊದಲು ತಂದ ವಯೋಮಿಂಗ್ ರಾಜ್ಯ ಅದನ್ನು ಮಾಡಿದ್ದು 1907ರಲ್ಲಿ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯವನ್ನು ಈ ವಾದದವರು ಮುಟ್ಟಿಯೇ ಇಲ್ಲ. ಅದು 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆ. ‘ಲೈಸೆನ್ಸ್ಡ್ ಸರ್ವೇಯರ್’ ಎಂಬ ವರ್ಗ ಅದರಲ್ಲಿದೆ; ಲೈಸೆನ್ಸು ಕೊಡುವ ಅಧಿಕಾರ ಪಾಲಿಕೆಯ ಕಮಿಷನರರದು. ಎಲ್.ಸಿ.ಇ. ಆಗಲೇ ವೃತ್ತಿಯ ಪರವಾನಗಿಯಾಗಿದ್ದರೆ, ವಿಶ್ವವಿದ್ಯಾಲಯವಿದ್ದ ಊರಿನಲ್ಲೇ ಐದು ವರ್ಷಗಳ ತರುವಾಯ ಕಮಿಷನರರಿಗೆ ಈ ಅಧಿಕಾರ ಏಕೆ ಬೇಕಾಯಿತು? ಮುಂಬಯಿ ನಗರದ ಕಾಯ್ದೆ ಧಾರವಾಡ ಜಿಲ್ಲೆಗೆ ಅನ್ವಯಿಸುತ್ತಿರಲಿಲ್ಲ ಎಂಬ ಆಕ್ಷೇಪ ಸರಿಯೇ. ಅದು ನನ್ನ ಮಾತನ್ನೇ ಬಲಪಡಿಸುತ್ತದೆ: ಪರವಾನಗಿ ಆಯಾ ಊರಿನ ಆಡಳಿತದ ಕೈಯಲ್ಲಿತ್ತು, ಪದವಿಯ ಜೊತೆ ಊರೂರಿಗೆ ಬರುತ್ತಿರಲಿಲ್ಲ.

ವೈದ್ಯರ ಎಲ್.ಎಂ.ಎಸ್. (ಲೈಸೆನ್ಶಿಯೇಟ್ ಇನ್ ಮೆಡಿಸಿನ್ ಅಂಡ್ ಸರ್ಜರಿ) ಜೊತೆ ಹೋಲಿಸಿ ನೋಡಿ. ಅದೂ ಅದೇ ವಿಶ್ವವಿದ್ಯಾಲಯದ ಪದವಿ. ಆದರೂ ವೈದ್ಯರ ಹೆಸರು ನೋಂದಾಯಿಸಲು 1912ರಲ್ಲಿ ಮುಂಬಯಿ ವೈದ್ಯಕೀಯ ಕಾಯ್ದೆಯನ್ನು ಪ್ರತ್ಯೇಕವಾಗಿ ತರಬೇಕಾಯಿತು. ಇಂಜಿನಿಯರರಿಗೆ ಅಂಥ ರಿಜಿಸ್ಟರು ಬರಲಿಲ್ಲ. 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್‌ಗೆ 1935ರಲ್ಲಿ ದೊರೆತ ರಾಜಸನ್ನದು ಆ ಕೊರತೆ ತುಂಬಿತು ಎನ್ನುವವರಿದ್ದಾರೆ. ಅದೂ ಒಪ್ಪತಕ್ಕದ್ದಲ್ಲ. ಸನ್ನದು ಸದಸ್ಯರಿಗೆ ಮನ್ನಣೆ ತಂದಿತು. ಸದಸ್ಯರಲ್ಲದವರ ಕೈ ಕಟ್ಟಲಿಲ್ಲ.  

ಕಾಯ್ದೆಯ ರಕ್ಷಣೆಯಿರುವ ಆರ್ಕಿಟೆಕ್ಟರ ವಿಷಯದಲ್ಲೂ, 1972ರ ಕಾಯ್ದೆಯ 37ನೇ ಕಲಮು ತಡೆಯುವುದು ಆ ಹೆಸರಿನ ಬಳಕೆಯನ್ನು, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಮುಕೇಶ್ ಗೋಯಲ್ ಪ್ರಕರಣದಲ್ಲಿ ಹೇಳಿತು. ಹೀಗಿರುವಾಗ ಕಾಯ್ದೆಯೇ ಇಲ್ಲದ ಕಾಲದ ಪದವಿಯೊಂದಕ್ಕೆ ಪರವಾನಗಿಯ ಬಲ ಹಚ್ಚುವುದು ಹೇಗೆ?

1947ರಲ್ಲಿ ಹುಬ್ಬಳ್ಳಿಯಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ತೆರೆದ ಮೇಲೆ ಗುಡಗೇರಿಯ ಹುಡುಗರಿಗೆ ಪುಣೆಯ ಹಾದಿ ಅನಿವಾರ್ಯವಾಗಿ ಉಳಿಯಲಿಲ್ಲ. ಪದವಿ ಹತ್ತಿರ ಬಂತು, ಪರವಾನಗಿ ಮಾತ್ರ ಇದ್ದಲ್ಲೇ ಇತ್ತು. ಇಂದಿಗೂ ಗುಡಗೇರಿಯಲ್ಲಿ ಮನೆ ಕಟ್ಟಲು 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಅನುಮತಿ ಕೊಡುವುದು ಗ್ರಾಮ ಪಂಚಾಯಿತಿ. ಆದ್ದರಿಂದ ಜಿಲ್ಲೆಯ ಇಂಜಿನಿಯರರ ಚರಿತ್ರೆ ಬರೆಯುವವರು ವಿಶ್ವವಿದ್ಯಾಲಯದ ಕ್ಯಾಲೆಂಡರುಗಳನ್ನು ಬದಿಗಿಟ್ಟು, ಹುಬ್ಬಳ್ಳಿ, ಧಾರವಾಡದ ಪುರಸಭೆಗಳ ಕಟ್ಟಡ ಪರವಾನಗಿಯ ಕಡತಗಳಿಗೆ ಕೈಹಾಕಬೇಕು. ನಕ್ಷೆಯ ಕೆಳಗೆ ಸಹಿ ಮಾಡಿದವರು ಯಾರು, ಅವರನ್ನು ಒಪ್ಪಿದವರು ಯಾರು ಎಂಬುದನ್ನು ಹುಡುಕಬೇಕಾದದ್ದು ಅಲ್ಲಿ.